ಒಲೆಯ ಮುಂದೆ ಶೂ

ನಮ್ಮ ಮೆಸ್ಸಿಗೆ ಒಂದು ಹೆಸರೂ ಇದೆ, ಹೆಸರಿನ ಬೋರ್ಡೂ ಇದೆ. ಆದರೆ ಕೊಡಿಗೇಹಳ್ಳಿಗೆ ಬಂದು ಆ ಹೆಸರು ಹೇಳಿದರೆ ಯಾರೂ ದಾರಿ ತೋರಿಸುವುದಿಲ್ಲ. ಚಪ್ಪಲಿ ಬಿಡೋ ಮೆಸ್ ಎಲ್ಲಿ ಎಂದು ಕೇಳಬೇಕು. ಆಗ ಆಟೋದವರೂ ಹೇಳುತ್ತಾರೆ, ಹೂವಿನವರೂ ಹೇಳುತ್ತಾರೆ. ಬಿಸಿ ಮುದ್ದೆ, ಬಸ್ಸಾರು, ಭಾನುವಾರವಾದರೆ ನಾಟಿಕೋಳಿ ಸಾರು ಬೇಕು ಎನ್ನುವವರು ಎಂಥವರೇ ಆಗಿರಲಿ, ಕಾಲಲ್ಲಿದ್ದದ್ದನ್ನು ಬಾಗಿಲಲ್ಲೇ ಕಳಚಿಟ್ಟು ಒಳಗೆ ಬರಬೇಕು. ಇದು ನನ್ನ ಓರಗಿತ್ತಿ ಮುನಿಯಲ್ಲಮ್ಮನ ಕಾನೂನು. ಅವಳ ಗಂಡ ಅಶ್ವತ್ಥಪ್ಪ ನನ್ನ ಗಂಡನಿಗೆ ಅಣ್ಣ. ಹಾಗಾಗಿ ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅಕ್ಕ ಎಂದ ಮಾತ್ರಕ್ಕೆ ಎದುರು ಮಾತನಾಡಬಾರದು ಎಂದೇನಿಲ್ಲ, ಅದನ್ನು ನಾನು ದಿನವೂ ಮಾಡುತ್ತೇನೆ.

ಒಮ್ಮೆ ಒಬ್ಬ ಸಬ್ ಇನ್ಸ್‌ಪೆಕ್ಟರ್ ಬೂಟು ಹಾಕಿಕೊಂಡೇ ಒಳಗೆ ಕಾಲಿಟ್ಟರು. ಊಟ ಮಾಡುತ್ತಿದ್ದವರೆಲ್ಲ ತುತ್ತು ಕೈಯಲ್ಲಿ ಹಿಡಿದು ನೋಡಿದರು. ಅಕ್ಕ ಸೌಟು ಹಿಡಿದುಕೊಂಡೇ ಅಡುಗೆ ಮನೆಯಿಂದ ಬಂದು, ಸಾರ್ ಇದು ಕಣ, ಎಂದಳು. ಅಷ್ಟೇ. ಅವರೂ ಹಳ್ಳಿಯ ಕಡೆಯವರೇ ಇರಬೇಕು, ತಿರುಗಿ ಹೋಗಿ ಬೂಟು ಬಿಚ್ಚಿ ಬಂದರು. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು. ನಾನು ಪಲ್ಯ ಬಡಿಸುವಾಗ ನಗು ತಡೆಯಲಾಗದೆ ಹಿಂದಕ್ಕೆ ಓಡಿದ್ದೆ.

ಕಣ ಎಂದದ್ದು ಸುಳ್ಳಲ್ಲ. ಈಗ ಮೆಸ್ ಇರುವ ಜಾಗದಲ್ಲೇ ನಮ್ಮ ಮನೆಯವರ ಕಣ ಇತ್ತು. ಸುಗ್ಗಿಯಲ್ಲಿ ನೆಲ ಸಾರಿಸಿ, ರಾಗಿ ತೆನೆ ಹರಡಿ, ಕಲ್ಲಿನ ಗುಂಡು ಉರುಳಿಸಿ, ತೂರಿ, ರಾಶಿ ಮಾಡುತ್ತಿದ್ದರು. ನಮ್ಮ ಅತ್ತೆ ಚನ್ನಕ್ಕ ಬದುಕಿದ್ದಷ್ಟು ದಿನ ಆ ನೆಲದ ಮೇಲೆ ಒಬ್ಬರ ಮೆಟ್ಟೂ ಬೀಳಲಿಲ್ಲ. ಸುಗ್ಗಿ ಇಲ್ಲದ ಕಾಲದಲ್ಲೂ ಬೀಳಲಿಲ್ಲ. ಆಮೇಲೆ ಹೊಲ ಹೋಯಿತು. ಒಂದಷ್ಟು ಏರ್‌ಪೋರ್ಟ್ ರಸ್ತೆಗೆ, ಒಂದಷ್ಟು ಲೇಔಟಿಗೆ. ಕಣದ ಜಾಗ ಮಾತ್ರ ಉಳಿಯಿತು. ಮೇಲ್ಸೇತುವೆ ಕಟ್ಟುವಾಗ ದೂರದ ಊರುಗಳಿಂದ ಬಂದ ಕೆಲಸದವರು, ಅಮ್ಮಾ ಒಂದು ಮುದ್ದೆ ಸಿಗುತ್ತಾ ಎಂದು ಕೇಳಿಕೊಂಡು ಬಂದರು. ಅಕ್ಕ ಕಣದ ನಡುವೆ ಮೂರು ಕಲ್ಲಿಟ್ಟು ಒಲೆ ಹೂಡಿದಳು. ಕಲ್ಲು ಹೋಗಿ ಗ್ಯಾಸ್ ಬಂತು, ಶೀಟು ಹೋಗಿ ಆರ್‌ಸಿಸಿ ಬಂತು. ಒಲೆ ಮಾತ್ರ ರಾಶಿ ಹಾಕುತ್ತಿದ್ದ ಜಾಗದಲ್ಲೇ ಇದೆ. ಬೆಳಗ್ಗೆ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಒಂದು ಹೂವು ಏರಿಸಿ, ಕೈ ಮುಗಿದೇ ಅಕ್ಕ ಬೆಂಕಿ ಹಚ್ಚುತ್ತಿದ್ದಳು.

ಅವಳ ಮುದ್ದೆಯ ಬಗ್ಗೆ ನಾನು ಹೆಚ್ಚು ಹೇಳಿದರೆ ಮನೆಯವಳು ಹೊಗಳುತ್ತಾಳೆ ಎಂದುಕೊಳ್ಳುತ್ತೀರಿ. ಗಂಟಿಲ್ಲ, ಹಸಿ ಇಲ್ಲ, ಗಂಟಲಲ್ಲಿ ತಾನಾಗಿ ಇಳಿಯುತ್ತದೆ, ಅಷ್ಟು ಸಾಕು. ಆ ದೊಡ್ಡ ಡಬರಿಯಲ್ಲಿ ಹಿಟ್ಟು ತಿರುವುವುದು ಕೈಯ ಕೆಲಸ ಎಂದು ನೋಡಿದವರು ತಿಳಿಯುತ್ತಾರೆ. ಅಲ್ಲ, ಅದು ಕಾಲಿನ ಕೆಲಸ. ಎರಡು ಕಾಲನ್ನೂ ನೆಲಕ್ಕೆ ಒತ್ತಿ ನಿಂತು, ಸೊಂಟದಿಂದ ಬಲ ಎಳೆದು, ಕೋಲನ್ನು ಹಿಟ್ಟಿನೊಳಗೆ ತಿರುವಬೇಕು. ಬೆಳಗಿನಿಂದ ಮಧ್ಯಾಹ್ನದ ಜನ ಕರಗುವವರೆಗೆ ಅವಳು ಹೀಗೆ ನಿಂತೇ ಇರುತ್ತಾಳೆ. ಸೊಸೆ ಕಲಾವತಿಗೆ ಕಲಿಸುತ್ತಿದ್ದಾಳೆ. ಕಲಾವತಿ ಒಳ್ಳೆಯ ಹುಡುಗಿ, ಸಾರಿಗೆ ಕೈ ಚೆನ್ನಾಗಿದೆ, ಮುದ್ದೆ ಮಾತ್ರ ಇನ್ನೂ ಅವಳ ಮಾತು ಕೇಳುವುದಿಲ್ಲ.

ಅಕ್ಕನಿಗೆ ಅರವತ್ತು ಹತ್ತಿರವಾದಾಗ ಮಂಡಿ ಹಿಡಿದುಕೊಂಡಿತು. ಮೊದಲು ಮೆಟ್ಟಿಲು ಇಳಿಯುವಾಗ, ಆಮೇಲೆ ಕೂತು ಏಳುವಾಗ, ಕೊನೆಗೆ ಸುಮ್ಮನೆ ನಿಂತಾಗಲೂ. ಕಾಲು ಎರಡೂ ಹೊರಗೆ ಬಾಗಿದವು. ಮಂಡಿಗಳ ನಡುವೆ ಒಂದು ಸೋರೆಕಾಯಿ ತೂರಿಸಬಹುದಲ್ಲ ಅಕ್ಕ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಅವಳೂ ನಗುತ್ತಿದ್ದಳು. ಒಂದು ದಿನ ಡಬರಿ ಇಳಿಸಿ ಒಲೆಯ ಕಟ್ಟೆ ಹಿಡಿದು ನಿಂತವಳು ಎಷ್ಟು ಹೊತ್ತಾದರೂ ಕೈ ಬಿಡಲಿಲ್ಲ. ಹತ್ತಿರ ಹೋದರೆ ಮುಖವೆಲ್ಲ ಬೆವರು, ಕಣ್ಣಲ್ಲಿ ನೀರು. ಆ ದಿನದಿಂದ ನಾನು ಸೋರೆಕಾಯಿ ಮಾತು ಎತ್ತಲಿಲ್ಲ.

ಮಗ ಬಾಲರಾಜ್ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸುತ್ತಾನೆ. ಅವನು, ಅಮ್ಮಾ ಸಾಕು, ಕೂತ್ಕೋ, ಒಬ್ಬ ಅಡುಗೆಯವನನ್ನು ಇಟ್ಟುಕೊಳ್ಳೋಣ ಎಂದ. ಪ್ರೀತಿಯಿಂದಲೇ ಹೇಳಿದ. ಸಂಜೆ ಸೊಪ್ಪು ಬಿಡಿಸುವಾಗ ಅಕ್ಕ ನನಗೆ ಹೇಳಿದಳು.

"ಒಲ ಓಯ್ತು, ಕಣ ಓಯ್ತು, ಅತ್ತೆ ಓದ್ರು. ಈಗ ಒಲೇನೂ ಬಿಟ್ಟು ಕೂತ್ಕಂಡ್ರೆ ನಾನ್ ಯಾರು ಯಶೋದ?"

ಮಂಡಿ ಕೈಕೊಟ್ಟರೆ ಒಲೆ ಹೋಗುತ್ತದೆ, ಒಲೆ ಹೋದರೆ ಇವಳು ಮೂಲೆಯಲ್ಲಿ ಕೂತು ಬತ್ತಿ ಹೋಗುತ್ತಾಳೆ ಎಂದು ನನಗೆ ನಿಜವಾಗಿ ಭಯವಾಯಿತು. ಮಾರನೆಯ ದಿನವೇ ಅವಳನ್ನು ಮೂಳೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದೆ. ಎಕ್ಸ್‌ರೇ ನೋಡಿ ಅವರು ಕೀಲಿನ ಒಳಬದಿ ಸವೆದಿದೆ, ಆಪರೇಷನ್ ಈಗಲೇ ಬೇಡ, ಮೈ ಸ್ವಲ್ಪ ಇಳಿಯಲಿ, ವ್ಯಾಯಾಮ ಮಾಡಲಿ, ಶೂ ಒಳಗೆ ಒಂದು ಅಟ್ಟೆ ಹಾಕಿಸಿ ನೋಡೋಣ ಎಂದು ಫಿಸಿಯೋ ಹತ್ತಿರ ಕಳಿಸಿದರು.

ಫಿಸಿಯೋ ಎಂದರೆ ಸಹಕಾರನಗರದ ಬಿಂದುಶ್ರೀ. ಚಿಕ್ಕ ವಯಸ್ಸಿನ ಹುಡುಗಿ, ಮಾತು ನಿಧಾನ. ಅಕ್ಕನ ಪಾದದ ಅಳತೆ ತೆಗೆದುಕೊಂಡು ಒಂದು ಜೊತೆ ಅಟ್ಟೆ ಮಾಡಿಸಿಕೊಟ್ಟಳು. ರಬ್ಬರಿನಂಥದ್ದು, ಪಾದದ ಆಕಾರ, ಹೊರಗಿನ ಅಂಚು ದಪ್ಪ, ಒಳಗಿನ ಅಂಚು ತೆಳು. ನೋವಿರೋದು ಒಳಗಡೆ, ದಪ್ಪ ಯಾಕೆ ಹೊರಗಡೆ ಎಂದು ಅಕ್ಕ ಕೇಳಿದಳು. ಹೊರಗಡೆ ಸ್ವಲ್ಪ ಎತ್ತರವಾದರೆ ಸವೆದ ಕಡೆಯ ಭಾರ ಒಂಚೂರು ಈಚೆಗೆ ಬರುತ್ತದೆ ಎಂದು ಬಿಂದುಶ್ರೀ ತನ್ನ ಅಂಗೈ ವಾಲಿಸಿ ತೋರಿಸಿದಳು. ಎಲ್ಲರಿಗೂ ಒಂದೇ ಥರ ಒಗ್ಗುವುದಿಲ್ಲ, ಕೆಲವರಿಗೆ ಗುಣ ಕಾಣುತ್ತದೆ ಕೆಲವರಿಗೆ ಇಲ್ಲ, ತೊಡೆಯ ವ್ಯಾಯಾಮ ಬಿಡಬಾರದು ಎಂದೂ ಹೇಳಿದಳು. ಸುಳ್ಳು ಭರವಸೆ ಕೊಡಲಿಲ್ಲ, ಅದು ನನಗೆ ಹಿಡಿಸಿತು.

ವ್ಯಾಯಾಮಕ್ಕೆ ಕಾಲಿಗೆ ಒಂದು ಸಣ್ಣ ಭಾರ ಕಟ್ಟಿಕೊಂಡು, ಕುರ್ಚಿಯಲ್ಲಿ ಕೂತು ನೀಟಬೇಕು. ಮನೆಯಲ್ಲಿ ರಾಗಿ ಇರುತ್ತಲ್ಲ ಆಂಟಿ, ಒಂದು ಚೀಲಕ್ಕೆ ಹಾಕಿ ಕಟ್ಟಿಕೊಳ್ಳಿ ಎಂದಳು ಪಾಪ. ಅಕ್ಕ ಅವಳ ಮುಖವನ್ನೇ ನೋಡಿದಳು. ಕಾಲಿಗೆ ರಾಗಿ ಕಟ್ಟಿಕೊಳ್ಳುವುದೇ? ಮನೆಗೆ ಬಂದು ಮರಳು ತುಂಬಿಸಿಕೊಂಡಳು. ಆಗಲೇ ನನಗೆ ಗೊತ್ತಾಗಬೇಕಿತ್ತು, ಶೂ ವಿಷಯದಲ್ಲಿ ಮುಂದೆ ಏನಾಗುತ್ತದೆ ಎಂದು.

ಶೂ ತಂದದ್ದೇ ಒಂದು ಸಂಭ್ರಮ. ಅಕ್ಕ ಹುಟ್ಟಿದ ಮೇಲೆ ಶೂ ಹಾಕಿದವಳಲ್ಲ. ಸೀರೆ ಕೆಳಗೆ ಕಪ್ಪು ಶೂ ನೋಡಿಕೊಂಡು, ಟ್ರಾಫಿಕ್ ಪೊಲೀಸ್ ಇದ್ದಂಗೆ ಇವ್ನಿ ಎಂದಳು. ಬಗ್ಗಿ ಪಟ್ಟಿ ಅಂಟಿಸಲು ಮಂಡಿ ಬಿಡಲಿಲ್ಲ. ಭಾವ ಸುಮ್ಮನೆ ಬಂದು ಕುಕ್ಕರುಗಾಲಲ್ಲಿ ಕೂತು ಎರಡೂ ಪಟ್ಟಿ ಅಂಟಿಸಿದರು. ಗಂಡನ ಕೈಲಿ ಮೆಟ್ಟು ಮುಟ್ಟಿಸಿದೆನಲ್ಲ ಎಂದು ಅಕ್ಕ ನಾಚಿಕೆಯಿಂದ ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಕೈ ತೊಳೆದುಕೊಂಡು ಹೋಗಿ ಗಲ್ಲಾದ ಮುಂದೆ ಕೂತರು. ಅವರು ಯಾವತ್ತೂ ಹಾಗೇ.

ವಾರಗಳು ಕಳೆದವು. ಅಕ್ಕನ ಮಂಡಿ ಹೇಗಿತ್ತೋ ಹಾಗೇ ಇತ್ತು. ನೋವು ಕೂದಲೆಳೆಯಷ್ಟೂ ಇಳಿಯಲಿಲ್ಲ. ಈ ಅಟ್ಟೆ ಗಿಟ್ಟೆ ಎಲ್ಲ ಬರೀ ಬುರುಡೆ, ಎಂದಳು. ನನಗೂ ಹಾಗೇ ಅನ್ನಿಸತೊಡಗಿತ್ತು. ಮತ್ತೆ ಬಿಂದುಶ್ರೀ ಹತ್ತಿರ ಹೋದೆವು. ಅವಳು ಅಕ್ಕನ ಶೂ ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಕೆಳಗಿನ ಗೆರೆಗಳೆಲ್ಲ ಹೊಸದರಂತೆ ಹಾಗೇ ಇದ್ದವು.

"ಆಂಟಿ, ದಿನಾ ಹಾಕ್ಕೋತಿದ್ದೀರಾ?"

"ಒಂದಿನಾನೂ ತಪ್ಸಿಲ್ಲ ಕಣಮ್ಮ."

ಅಕ್ಕ ಸುಳ್ಳು ಹೇಳುವವಳಲ್ಲ. ಮನೆಯಿಂದ ಮೆಸ್ಸಿಗೆ ಒಂದು ಓಣಿ ದಾಟಬೇಕು. ಬೆಳಗ್ಗೆ ಶೂ ಹಾಕಿಕೊಂಡು ಆ ಓಣಿ ದಾಟುತ್ತಾಳೆ, ಬಾಗಿಲಲ್ಲಿ ಬಿಚ್ಚಿಡುತ್ತಾಳೆ. ಸಂಜೆ ಹಾಕಿಕೊಂಡು ಅದೇ ಓಣಿ ದಾಟಿ ಮನೆಯ ಬಾಗಿಲಲ್ಲಿ ಬಿಚ್ಚಿಡುತ್ತಾಳೆ. ಇಡೀ ದಿನ ಶೂ ಹೊರಗೆ, ಇವಳು ಒಳಗೆ. ನನಗೂ ಇದು ವಿಚಿತ್ರ ಅನ್ನಿಸಿರಲಿಲ್ಲ ಎನ್ನುವುದೇ ವಿಚಿತ್ರ. ಚಪ್ಪಲಿ ಇರುವುದು ದಾರಿಗೆ ಎನ್ನುವುದು ನಮ್ಮ ಮೈಗೆ ಅಷ್ಟು ಹತ್ತಿದೆ. ನಾನು ಇದನ್ನೆಲ್ಲ ಬಾಯಿಬಿಟ್ಟು ಹೇಳಿದ ಮೇಲೆ ಬಿಂದುಶ್ರೀ ಶೂ ಕೆಳಗಿಟ್ಟಳು.

"ಆಂಟಿ, ಮಂಡಿ ನೋಯೋದು ಒಲೆ ಮುಂದೆ. ಶೂ ಇರೋದು ಬಾಗಿಲಲ್ಲಿ. ಅದು ಹೇಗೆ ಕೆಲಸ ಮಾಡತ್ತೆ ಹೇಳಿ?"

ಅಡುಗೆ ಮನೆಗೆಂದೇ ಬೇರೆ ಒಂದು ಜೊತೆ ಹೊಸ ಶೂ ಇಟ್ಟುಕೊಳ್ಳಿ, ಅದನ್ನು ಬೀದಿಗೆ ತರಬೇಡಿ ಎಂದಳು. ಅಂದರೆ ನಿಂತು ಕೆಲಸ ಮಾಡುವಷ್ಟು ಹೊತ್ತೂ ಅಟ್ಟೆ ಪಾದದ ಕೆಳಗಿರಬೇಕು. ಅಕ್ಕ ಹೂಂ ಎಂದು ತಲೆ ಆಡಿಸಿದಳು. ಆಟೋದಲ್ಲಿ ಬರುವಾಗ ನಾನು ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದರೆ ಬೇಡ ಎಂದಳು. ಹೊಸದಾದರೇನು, ಬೀದಿ ನೋಡದಿದ್ದರೇನು, ಮೆಟ್ಟು ಮೆಟ್ಟೇ. ರಾಶಿ ಹಾಕಿದ ಜಾಗದಲ್ಲಿ, ಅನ್ನ ಬೇಯುವ ಬೆಂಕಿಯ ಮುಂದೆ, ಅದನ್ನು ಮೆಟ್ಟಿ ನಿಲ್ಲಲಾರೆ ಎಂದಳು. ನಾನು ಹಟ ಮಾಡಿದೆ. ಡಾಕ್ಟರು ಹೇಳಿದ್ದು, ದೇವರು ಒಪ್ಪಿಕೊಳ್ಳುತ್ತಾನೆ ಎಂದೆ. ಬೂಟು ಬಿಚ್ಚಿಸಿದೆನಲ್ಲ, ಆ ಇನ್ಸ್‌ಪೆಕ್ಟರ್ ಒಪ್ಪಿಕೊಳ್ಳುತ್ತಾರಾ ಎಂದು ಕೇಳಿದಳು.

ಕೆಲವು ದಿನಗಳ ನಂತರ ಅಕ್ಕನ ನಡಿಗೆ ಬದಲಾದಂತೆ ಕಂಡಿತು. ಒಲೆಯ ಕಟ್ಟೆ ಹಿಡಿದುಕೊಳ್ಳುವುದು ಕಡಿಮೆಯಾಗಿತ್ತು. ಮಧ್ಯಾಹ್ನ ಮುಖದಲ್ಲಿ ಬೆವರು ಬೆಂಕಿಯದ್ದು ಮಾತ್ರ, ನೋವಿನದ್ದಲ್ಲ. ಸೀರೆ ಸ್ವಲ್ಪ ಇಳಿಬಿಟ್ಟು ಉಟ್ಟಿದ್ದಳು. ಒಂದು ದಿನ ನೆರಿಗೆ ಎತ್ತಿದಾಗ ನೋಡಿದೆ. ಎರಡೂ ಪಾದಕ್ಕೆ ಹಳೆಯ ವಾಯಿಲ್ ಸೀರೆಯ ಬಟ್ಟೆಯಲ್ಲಿ ಕೈಯಿಂದ ಹೊಲಿದ ಚೀಲ. ಚೀಲದೊಳಗೆ ಅಟ್ಟೆ. ಮೇಲೆ ಲಾಡಿ ಕಟ್ಟಿದೆ.

ನನಗೆ ನಗುವೂ ಬಂತು, ಬೆರಗೂ ಆಯಿತು. ಅವಳ ಲೆಕ್ಕ ಹೀಗಿತ್ತು: ಶೂ ಎಂದರೆ ಮೆಟ್ಟು. ಅಟ್ಟೆ ಮೆಟ್ಟಲ್ಲ, ಅದು ಔಷಧಿ. ಬಾಲರಾಜನ ಕೈಲಿ ಹೇಳಿಸಿ ಬಿಂದುಶ್ರೀ ಹತ್ತಿರ ಇನ್ನೊಂದು ಜೊತೆ ಅಟ್ಟೆ ತರಿಸಿದ್ದಳು. ಅದು ಶೂ ಒಳಗೆ ಹೋಗಿಲ್ಲ, ನೆಲ ಮುಟ್ಟಿಲ್ಲ. ಅರಿಶಿನದ ನೀರಿನಲ್ಲಿ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಹೊಲಿದು ಕಟ್ಟಿಕೊಂಡರೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಅದಕ್ಕೆ ಯಾವ ದೋಷ? ಕಣವೂ ಉಳಿಯಿತು, ಮಂಡಿಯೂ ಉಳಿಯಿತು. ಹೇಳುವಾಗ ಅವಳ ಮುಖದಲ್ಲಿ ಎಳೆ ಹುಡುಗಿಯ ಖುಷಿ ಇತ್ತು. ಅಂಥ ಖುಷಿಯನ್ನು ಅವಳಲ್ಲಿ ನಾನು ಬಹಳ ದಿನದಿಂದ ಕಂಡಿರಲಿಲ್ಲ. ಬಿಂದುಶ್ರೀಗೆ ಹೇಳಬೇಡ ಎಂದಳು. ಕಲಾವತಿಗೆ ಮಾತ್ರ ಗೊತ್ತಿತ್ತು, ಚೀಲ ಹೊಲಿಯಲು ಸೂಜಿಗೆ ದಾರ ಪೋಣಿಸಿ ಕೊಟ್ಟವಳು ಅವಳೇ.

ಮಳೆಗಾಲ ಮುಗಿಯುವ ಹೊತ್ತು. ಅಂದು ಜನ ಹೆಚ್ಚಿದ್ದರು, ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಬಸ್ಸಾರಿಗೆ ಬೇಳೆ ಸೊಪ್ಪು ಬೆಂದ ಕಟ್ಟು ಬಸಿಯುವಾಗ ನೆಲದ ಮೇಲೆ ಸ್ವಲ್ಪ ಚೆಲ್ಲಿತ್ತು. ಒರೆಸಬೇಕು ಎಂದುಕೊಂಡು ನಾನು ಬಟ್ಟೆ ತರಲು ಹಿಂದಕ್ಕೆ ಹೋದೆ. ಅಷ್ಟರಲ್ಲಿ ಮುದ್ದೆ ಬೆಂದಿತ್ತು. ಅತ್ತೆ ಸೊಸೆ ಇಬ್ಬರೂ ಆಚೆ ಈಚೆ ಬಟ್ಟೆ ಹಿಡಿದು ಡಬರಿ ಇಳಿಸುತ್ತಿದ್ದರು. ಅಕ್ಕ ಒಂದು ಹೆಜ್ಜೆ ಹಿಂದೆ ಇಟ್ಟಳು. ಬಟ್ಟೆಯ ಚೀಲ ಕಟ್ಟಿನ ನೀರು ಕುಡಿಯಿತು. ಒಳಗಿನ ಅಟ್ಟೆ ಪಾದದಡಿಯಿಂದ ಒಂದು ಕಡೆಗೆ ಜಾರಿತು, ಅಕ್ಕ ಇನ್ನೊಂದು ಕಡೆಗೆ.

ಕಿರುಚಿದ್ದು ಕೇಳಿ ನಾನು ಓಡಿ ಬಂದಾಗ ಅಕ್ಕ ನೆಲದ ಮೇಲೆ ಕುಸಿದಿದ್ದಳು. ಅವಳಿಗೆ ಹೆಚ್ಚೇನೂ ಆಗಿರಲಿಲ್ಲ. ವಾಲಿದ ಡಬರಿಯಿಂದ ಕುದಿಯುವ ಹಿಟ್ಟು ಕಲಾವತಿಯ ಎರಡೂ ಪಾದದ ಮೇಲೆ ಬಿದ್ದಿತ್ತು. ಬಿಸಿ ನೀರಾದರೆ ಹರಿದು ಹೋಗುತ್ತದೆ. ಮುದ್ದೆ ಹರಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಆ ಹುಡುಗಿ ಬರಿಗಾಲಲ್ಲಿ ನಿಂತಿದ್ದಳು. ನಾನು ನಲ್ಲಿಯ ಕೆಳಗೆ ಅವಳ ಕಾಲು ಹಿಡಿದು ನೀರು ಬಿಟ್ಟೆ, ಬಿಡುತ್ತಲೇ ಇದ್ದೆ. ಊಟ ಮಾಡುತ್ತಿದ್ದವರೇ ಎತ್ತಿ ಕಾರಿಗೆ ಕೂರಿಸಿದರು.

ಆಸ್ಪತ್ರೆಯಲ್ಲಿ ಗಾಯ ತೊಳೆಯುತ್ತಿದ್ದ ಡಾಕ್ಟರು ತಲೆ ಎತ್ತದೆ ಕೇಳಿದರು.

"ಇಷ್ಟು ದೊಡ್ಡ ಪಾತ್ರೆ ಎತ್ತುವಾಗ ಕಾಲಿಗೆ ಏನೂ ಹಾಕಿರಲಿಲ್ವಾ?"

ಕಲಾವತಿ ಹಲ್ಲು ಕಚ್ಚಿಕೊಂಡು ಇಲ್ಲ ಎಂದು ತಲೆಯಾಡಿಸಿದಳು. ಯಾಕೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಕಾಲಲ್ಲಿ ಒಂದೇ ಚೀಲ ಉಳಿದಿತ್ತು, ಹಿಟ್ಟು ಮೆತ್ತಿಕೊಂಡು ಗಟ್ಟಿಯಾಗಿತ್ತು. ಆಮೇಲೆಯೂ ಕಲಾವತಿ ಅತ್ತೆಗೆ ಒಂದು ಮಾತು ಅನ್ನಲಿಲ್ಲ. ಅಂದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮೆಸ್ ಮುಚ್ಚಿತು. ಅಕ್ಕ ಸೊಸೆಯ ಹಾಸಿಗೆಯ ಪಕ್ಕದಲ್ಲಿ ಕೂತಳು. ಕಾಲಿಗೆ ಮುಲಾಮು ಹಚ್ಚುವುದು, ಪಟ್ಟಿ ಬದಲಿಸುವುದು, ಸ್ನಾನದ ಮನೆಗೆ ಹಿಡಿದುಕೊಂಡು ಹೋಗುವುದು ಎಲ್ಲ ಅವಳೇ. ಮಂಡಿ ನೋವಿನ ಸುದ್ದಿಯೇ ಇಲ್ಲ. ಬಿಂದುಶ್ರೀ ವಿಷಯ ತಿಳಿದು ಮನೆಗೇ ಬಂದಳು. ಬಟ್ಟೆಯ ಚೀಲವನ್ನು ನಾನು ತೋರಿಸಿದೆ. ಅವಳು ಅದರ ಹೊಲಿಗೆಯ ಮೇಲೆ ಬೆರಳಾಡಿಸಿ, ಶೂವಿನ ಹಿಡಿತ ಇಲ್ಲದಿದ್ದರೆ ಅಟ್ಟೆ ಜಾರುತ್ತದೆ ಎಂದು ತಾನು ಹೇಳಿರಲಿಲ್ಲ ಎಂದು ಸಣ್ಣ ದನಿಯಲ್ಲಿ ಅಂದಳು. ಪಾಪ, ಯಾರು ತಾನೇ ಹೇಳುತ್ತಾರೆ? ಶೂ ಬಿಟ್ಟು ಅಟ್ಟೆಯನ್ನಷ್ಟೇ ಕಟ್ಟಿಕೊಳ್ಳುವ ಬುದ್ಧಿ ನಮ್ಮ ಮನೆಯವರನ್ನು ಬಿಟ್ಟು ಇನ್ಯಾರಿಗೆ ಹೊಳೆಯಬೇಕು.

ಕಲಾವತಿ ಎದ್ದು ಓಡಾಡುವ ಹಾಗಾದ ಮೇಲೆ ಒಂದು ಬೆಳಗ್ಗೆ ಅಕ್ಕ ಮೆಸ್ ತೆರೆದಳು. ಓಣಿ ದಾಟಿ ಬಂದವಳು ಬಾಗಿಲಲ್ಲಿ ನಿಂತಳು. ನಾನು ಒಳಗಿದ್ದೆ. ಕಾಲಲ್ಲಿ ಶೂ, ಶೂ ಒಳಗೆ ಅಟ್ಟೆ. ಬಿಚ್ಚಲಿಲ್ಲ. ಹೊಸ್ತಿಲ ಮೇಲೆ ಕೈ ಇಟ್ಟು ಕಣ್ಣಿಗೆ ಒತ್ತಿಕೊಂಡು, ಹಾಗೇ ದಾಟಿ ಒಳಗೆ ಬಂದಳು. ಅಡುಗೆ ಮನೆಯಲ್ಲಿ ಒಲೆಯಿಂದ ದೂರದಲ್ಲೇ ನಿಂತು, ಅರಿಶಿನ ಕುಂಕುಮ ನೀನೇ ಇಕ್ಕು ಯಶೋದ ಎಂದಳು. ನಾನು ಇಟ್ಟೆ. ಆಮೇಲೆ ನಮ್ಮೆಲ್ಲರನ್ನೂ ಕರೆದು, ಇನ್ನು ಮುಂದೆ ಅಡುಗೆ ಮನೆಗೆ ಬರುವವರೆಲ್ಲ ಶೂ ಹಾಕಿಕೊಂಡೇ ಬರಬೇಕು, ಅದರಲ್ಲೂ ಕಲಾವತಿ, ಎಂದಳು. ಭಾವನಿಗೆ ಹೇಳಿ ಬಾಗಿಲಲ್ಲಿದ್ದ ಚಪ್ಪಲಿ ಹೊರಗೆ ಬಿಡಿ ಎನ್ನುವ ಬೋರ್ಡನ್ನೂ ತೆಗೆಸಿದಳು. ತಾನು ಮೆಟ್ಟಿಕೊಂಡು ನಿಂತು ಬೇರೆಯವರನ್ನು ಬಿಚ್ಚು ಎನ್ನುವುದು ಯಾವ ನ್ಯಾಯ ಎಂದಳು.

ಬೋರ್ಡ್ ಹೋದರೂ ಜನ ಚಪ್ಪಲಿ ಬಿಟ್ಟೇ ಬಂದರು. ಬೇಕಿಲ್ಲ, ಹಾಕಿಕೊಂಡೇ ಬನ್ನಿ ಎಂದು ಭಾವ ಗಲ್ಲಾದಿಂದ ಹೇಳಿದರೂ, ಇರಲಿ ಬಿಡಿ ಅಣ್ಣ, ಅಭ್ಯಾಸ ಆಗಿಬಿಟ್ಟಿದೆ ಎಂದು ನಗುತ್ತಿದ್ದರು.

ಮಂಡಿ ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ, ಸವೆದದ್ದು ಬೆಳೆಯುತ್ತದೆಯೇ. ಆದರೆ ಅಕ್ಕ ಮಧ್ಯಾಹ್ನದವರೆಗೂ ಕಟ್ಟೆ ಹಿಡಿಯದೆ ನಿಲ್ಲುತ್ತಾಳೆ. ವ್ಯಾಯಾಮ ಬಿಟ್ಟಿಲ್ಲ. ಅಡುಗೆಯವನನ್ನು ಇಟ್ಟುಕೊಳ್ಳುವ ಮಾತನ್ನು ಬಾಲರಾಜ್ ಮರೆತಿದ್ದಾನೆ. ಒಲೆ ಅಕ್ಕನ ಹತ್ತಿರವೇ ಉಳಿಯಿತು. ನಾನು ನಿರಾಳವಾಗಿದ್ದೆ.

ಸರ್ವಿಸ್ ರಸ್ತೆಯಲ್ಲಿ ಟಯರ್ ಅಂಗಡಿ ಇಟ್ಟಿರುವ ಮುನೀಂದ್ರ ನಮ್ಮಲ್ಲಿ ದಿನವೂ ಉಣ್ಣುವವನು. ಒಂದು ದಿನ ಅವನು ಕೈ ತೊಳೆದು ಹೋಗುವಾಗ ಅಡುಗೆ ಮನೆಗೆ ಇಣುಕಿ, ಅಮ್ಮಾ ಈಚೆಗೆ ಸಾರಿಗೆ ಉಪ್ಪು ಮುಂದಾಗ್ತಾ ಐತೆ ಎಂದ. ಮರ್ಯಾದೆಯಿಂದಲೇ ಹೇಳಿದ. ಅಕ್ಕ ನನ್ನ ಕಡೆ ತಿರುಗಿದಳು.

"ಔದಾ?"

ನನಗೆ ಆಶ್ಚರ್ಯವಾಯಿತು. ಎಂಜಲಾಗುತ್ತದೆ ಎಂದು ಅಕ್ಕ ಬಡಿಸುವ ಮುಂಚೆ ಯಾವತ್ತೂ ರುಚಿ ನೋಡಿದವಳಲ್ಲ. ಆದರೆ ಜನ ಕರಗಿದ ಮೇಲೆ ನಾವೆಲ್ಲ ಒಟ್ಟಿಗೆ ಉಣ್ಣಲು ಕೂತಾಗ, ಮೊದಲ ತುತ್ತಿಗೇ ಇವತ್ತು ಉಪ್ಪು ಒಂದು ಕಲ್ಲು ಹೆಚ್ಚು, ಹುಣಸೆ ಸಾಲದು ಎಂದು ತಾನೇ ಹೇಳಿ ಮಾರನೆಯ ದಿನ ತಿದ್ದಿಕೊಳ್ಳುತ್ತಿದ್ದಳು. ಉಪ್ಪು ಹೆಚ್ಚಾಗಿದ್ದರೆ ಅವಳಿಗೆ ಗೊತ್ತಿರಬೇಕಿತ್ತು. ಕೂತು ಯೋಚಿಸಿದೆ. ಮೆಸ್ ಮತ್ತೆ ತೆರೆದ ದಿನದಿಂದ ಅಕ್ಕ ನಮ್ಮ ಜೊತೆ ಉಂಡದ್ದು ನೆನಪಾಗಲಿಲ್ಲ. ಹಸಿವಿಲ್ಲ, ಆಮೇಲೆ ಉಣ್ತೀನಿ, ಇವತ್ತು ಮಜ್ಜಿಗೆ ಸಾಕು ಎನ್ನುತ್ತಿದ್ದಳು. ಮೈ ಇಳಿಸಲು ಇರಬೇಕು ಎಂದು ನಾನೂ ಸುಮ್ಮನಿದ್ದೆ.

ಅಂದು ಎಲ್ಲರೂ ಹೋದ ಮೇಲೆ ಹಿತ್ತಲಿಗೆ ಹೋದೆ. ಅಕ್ಕ ಶೂ ಬಿಚ್ಚಿ ಪಕ್ಕಕ್ಕಿಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಒಂದು ಸಣ್ಣ ಡಬ್ಬಿಯಿಂದ ಅನ್ನ ತಿನ್ನುತ್ತಿದ್ದಳು. ತಣ್ಣಗಿನ ಅನ್ನ, ತಿಳಿಸಾರು. ಬೆಳಗ್ಗೆ ಮನೆಯಲ್ಲಿ ತನಗೊಬ್ಬಳಿಗೆಂದು ಮಾಡಿಕೊಂಡು ತಂದದ್ದು. ಮನೆಯ ಒಲೆಯ ಮುಂದೆ ಬರಿಗಾಲಲ್ಲೇ ನಿಂತು ಮಾಡಿದ್ದು ಎಂದು ಕೇಳದೆಯೇ ನನಗೆ ಗೊತ್ತಾಯಿತು.

ನನಗೆ ಸಿಟ್ಟು ನೆತ್ತಿಗೇರಿತು. ಊರಿಗೆಲ್ಲ ಬಡಿಸುವ ಅನ್ನ ನಿನಗೆ ಮಾತ್ರ ಆಗುವುದಿಲ್ಲವೇ, ಹಾಗಾದರೆ ಅವರಿಗೆಲ್ಲ ಯಾಕೆ ಬಡಿಸುತ್ತೀಯ ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಅಕ್ಕ ಬಾಯಲ್ಲಿದ್ದ ತುತ್ತು ನುಂಗುವವರೆಗೆ ಕಾದಳು. ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅಳುವೂ ಇರಲಿಲ್ಲ.

"ಮೆಟ್ಕಂಡು ಬೇಯ್ಸಿದ್ ತಪ್ಪು ನಂದು. ಉಂಡೋರ್ಗೆ ಅದು ತಟ್ಬಾರ್ದು ಅಂತ ದಿನಾ ಕೈ ಮುಗೀತೀನಿ. ಏನಾದ್ರೂ ಬರೋದಾದ್ರೆ ನಂಗ್ ಬರ್ಲಿ. ಅದಕ್ಕೇ ದಂಡ ಅಂತ ಆ ಅನ್ನ ನಾನ್ ಬಿಟ್ಟಿವ್ನಿ."

ಎಷ್ಟು ದಿನ ಎಂದು ಕೇಳಿದೆ. ಒಲೆ ಮುಂದೆ ನಿಲ್ಲೋಷ್ಟು ದಿನ ಎಂದಳು. ಆಮೇಲೆ ಡಬ್ಬಿ ಮುಚ್ಚಿಟ್ಟು, ಕುರ್ಚಿಯ ಕೈ ಹಿಡಿದು ಎದ್ದು ನಿಂತಳು.

ನಾನು ಜಗಳವಾಡಿದೆ, ಕಣ್ಣೀರು ಹಾಕಿದೆ, ಭಾವ ಒಂದು ಮಾತು ಹೇಳಲಿ ಎಂದು ಅವರ ಹತ್ತಿರವೂ ಹೋದೆ. ಭಾವ ಗಲ್ಲಾದ ಮೇಲೆ ಕೈ ಇಟ್ಟುಕೊಂಡು, ನಂಗ್ ಗೊತ್ತು ಕಣಮ್ಮ ಎಂದರು, ಅಷ್ಟೇ. ಕಲಾವತಿ ಕೇಳಿಕೊಂಡಳು, ಅದಕ್ಕೂ ಅಕ್ಕ ಬಗ್ಗಲಿಲ್ಲ. ಅನ್ನವೇ ಬದುಕಾಗಿದ್ದವಳಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯನ್ನು ಯಾವ ದೇವರೂ ಕೊಡುತ್ತಿರಲಿಲ್ಲ. ಅದನ್ನು ತಾನೇ ಹುಡುಕಿ ಹಾಕಿಕೊಂಡಿದ್ದಾಳೆ.

ಈಗ ಮಧ್ಯಾಹ್ನ ಜನ ಕರಗಿದ ಮೇಲೆ ನಾವು ಉಣ್ಣಲು ಕೂರುತ್ತೇವೆ. ಅಕ್ಕನೇ ಬಡಿಸುತ್ತಾಳೆ. ನನ್ನ ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಶೂ ಹಾಕಿದ ಕಾಲಲ್ಲಿ ನೆಟ್ಟಗೆ ನಿಂತು, ನಾನು ಮೊದಲ ತುತ್ತು ನುಂಗುವವರೆಗೂ ನನ್ನ ಬಾಯನ್ನೇ ನೋಡುತ್ತಾಳೆ.

"ಎಂಗೈತೆ?" ಎನ್ನುತ್ತಾಳೆ.

ಉಪ್ಪು ಸರಿಯಾಗಿದೆ, ಹುಣಸೆ ಒಂಚೂರು ಸಾಲದು, ಮುದ್ದೆ ಬೆಣ್ಣೆಯ ಹಾಗಿದೆ ಎಂದು ನಾನು ಒಂದೊಂದಾಗಿ ಹೇಳುತ್ತೇನೆ. ಅವಳು ಕೇಳಿಸಿಕೊಳ್ಳುತ್ತಾಳೆ.